ನಿನ್ನೆಯ ಕರೆ

ಚಂದ್ರಕುಮಾರ್ ಒಂದು ವರ್ಷದ ರಜೆಗೆ ಅರ್ಜಿ ಕೊಟ್ಟಾಗ, ‘ಕಾರಣ’ ಎಂದಿದ್ದ ಜಾಗದಲ್ಲಿ ಒಂದೇ ಪದ ಬರೆದಿದ್ದ. ದಣಿವು. ಅದರ ಫೋಟೊ ತೆಗೆದು ನಮ್ಮ ನೌಕರರ ವಾಟ್ಸಾಪ್ ಗುಂಪಿಗೆ ಹಾಕಿದವನು ನಾನು. ‘ಸಾಹೇಬರು ಕೂತು ಕೂತು ಸುಸ್ತಾಗಿದ್ದಾರೆ’ ಎಂದು ಕೆಳಗೆ ಬರೆದೆ. ಒಂದು ಗಂಟೆಯೊಳಗೆ ನಲವತ್ತು ಜನ ನಕ್ಕಿದ್ದರು. ಚಂದ್ರನೂ ಆ ಗುಂಪಿನಲ್ಲಿದ್ದ. ನೋಡಿದವರ ಪಟ್ಟಿಯಲ್ಲಿ ಅವನ ಹೆಸರಿತ್ತು. 

ನಾವಿಬ್ಬರೂ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರುಗಳು. ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಆ ಊರಿನ ಹೆಸರು ಇಲ್ಲಿ ಬೇಡ. ಬಿ.ಎಸ್ಸಿ. ಮುಗಿಸಿದ ವರ್ಷವೇ ನನಗೆ ಈ ಕೆಲಸ ಸಿಕ್ಕಿತು. ಹೊರಗೆ ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಸದ್ದು, ಒಳಗೆ ಊರುಗಳಿಗೆ ಕರೆಂಟು ಒಯ್ಯುವ ಐದು ಲೈನುಗಳ, ಎಂದರೆ ಫೀಡರುಗಳ, ಪ್ಯಾನೆಲ್, ಒಂದು ಮೇಜು, ಒಂದು ಮೊಬೈಲು, ಒಂದು ರಿಜಿಸ್ಟರು. ಗಂಟೆಗೊಮ್ಮೆ ರೀಡಿಂಗ್ ಬರೆಯಬೇಕು. ಆ ಗುಂಯ್ ಸದ್ದು ಕೆಲವು ದಿನಗಳಲ್ಲೇ ಕೇಳಿಸದಾಗುತ್ತದೆ. ಕರೆಂಟು ಹೋದಾಗ ಬೀಳುವ ನಿಶ್ಶಬ್ದ ಮಾತ್ರ ಕೇಳಿಸುತ್ತದೆ. ನನಗೆ ಅದು ಇಷ್ಟವಾಗುತ್ತಿತ್ತು.

ರೀಡಿಂಗಿಗಿಂತ ದೊಡ್ಡ ಕೆಲಸ ಇನ್ನೊಂದಿದೆ. ಲೈನ್‌ಮನ್ ಕಂಬ ಹತ್ತುವ ಮೊದಲು ನಮಗೆ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳುತ್ತಾನೆ. ನಾವು ಆ ಲೈನಿನ ಕರೆಂಟು ತೆಗೆದು, ಅವನ ಹೆಸರನ್ನೂ ಸಮಯವನ್ನೂ ರಿಜಿಸ್ಟರಿನಲ್ಲಿ ಬರೆದು, ಒಂದು ನಂಬರ್ ಕೊಡುತ್ತೇವೆ. ಕೆಲಸ ಮುಗಿದು ಎಲ್ಲರೂ ಇಳಿದ ಮೇಲೆ ಅದೇ ಮನುಷ್ಯ ಅದೇ ನಂಬರ್ ಹೇಳಿ ಅದನ್ನು ವಾಪಸ್ ಕೊಡಬೇಕು. ಆಮೇಲೆ ಮಾತ್ರ ಕರೆಂಟು ಬಿಡಬೇಕು. ಅಷ್ಟೇ ಕೆಲಸ. ಅಷ್ಟರಲ್ಲೇ ಕಂಬದ ಮೇಲಿರುವವನ ಜೀವ ಇರುತ್ತದೆ.

ಚಂದ್ರನಿಗೆ ನಂಬರಿನ ಮೇಲೆ ನಂಬಿಕೆ ಇರಲಿಲ್ಲ. ಲೈನ್ ಕ್ಲಿಯರ್ ಕೊಡುವಾಗ ಅವನು, “ಬೆಳಿಗ್ಗೆ ಏನ್ ತಿಂಡಿ ತಿಂದ್ರಿ?” ಎಂದು ಕೇಳಿ ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದ. ವಾಪಸ್ ಕೊಡುವಾಗ ಮತ್ತೆ ಕೇಳುತ್ತಿದ್ದ. ಉತ್ತರ ಹೊಂದದಿದ್ದರೆ ಕೈ ಕರೆಂಟು ಬಿಡುವ ಬ್ರೇಕರಿನ ಹತ್ತಿರ ಹೋಗುತ್ತಿರಲಿಲ್ಲ.

“ನಂಬರು ಬಾಯಿಪಾಠ ಬಂದ್ಬಿಡುತ್ತೆ ಕಣೋ, ತಿಂಡಿ ದಿನಾ ಬೇರೆ” ಎನ್ನುತ್ತಿದ್ದ.

“ನಿಮ್ಮನೇಲಿ ದಿನಾ ಬೇರೆ. ನಮ್ಮನೇಲಿ ವಾರಪೂರ್ತಿ ಉಪ್ಪಿಟ್ಟು” ಎಂದು ನಾನು ಅಂದರೆ ಲೈನ್‌ಮನ್‌ಗಳೆಲ್ಲ ನಗುತ್ತಿದ್ದರು. ಅವನಿಗೆ ತಿಂಡಿ ಆಪರೇಟರ್ ಎಂದು ಹೆಸರಿಟ್ಟವನೂ ನಾನೇ.

ರಜೆಗೆ ಹೋಗುವ ಹಿಂದಿನ ದಿನ ಅವನು ನನ್ನ ಜೊತೆ ಟೀ ಕುಡಿಯುತ್ತ ಕೂತಿದ್ದ.

“ಓಂಕಾರೇಶ, ನೀನೂ ಒಂದೆರಡು ತಿಂಗಳು ತಗೊಳೋ.”

“ಯಾಕೆ? ನಂಗೇನಾಗಿದೆ?”

“ನಂಗೇನಾಗಿತ್ತು ಹೇಳು? ಹೋದ ವಾರ ಹನ್ನೊಂದು ಗಂಟೆ ರೀಡಿಂಗ್ ಬರ್ದಿದೀನಿ ಅಂತ ಆಣೆ ಮಾಡೋಷ್ಟು ಗ್ಯಾರಂಟಿ ಇತ್ತು. ತೆಗೆದು ನೋಡಿದ್ರೆ ಖಾಲಿ. ನಾನ್ ನೆನಪು ಮಾಡ್ಕೊಳ್ತಿದ್ದಿದ್ದು ಹಿಂದಿನ ದಿನದ್ದು. ಅವತ್ತೇ ಹೆದರಿಬಿಟ್ಟೆ.”

“ಒಂದು ರೀಡಿಂಗ್ ತಪ್ಪಿದ್ದಕ್ಕೆ ಒಂದು ವರ್ಷ ರಜೆನಾ? ಎರಡು ತಪ್ಪಿದ್ರೆ ಸನ್ಯಾಸ ತಗೊಳ್ತಿದ್ಯಾ?”

ಅವನು ನಕ್ಕ. ನನ್ನನ್ನು ನೋಡಿ ನಕ್ಕದ್ದಲ್ಲ ಅದು, ಸುಮ್ಮನೆ ನಕ್ಕ. ಲೋಟ ತೊಳೆದಿಟ್ಟು ಹೋದ.

ಅವನ ಜಾಗಕ್ಕೆ ಯಾರೂ ಬರಲಿಲ್ಲ. ಬರುವತನಕ ನೋಡಿಕೊಳ್ಳುತ್ತೇನೆ ಎಂದು ನಾನೇ ಹೇಳಿದೆ. ನಮ್ಮ ಉಪವಿಭಾಗದ ಎಂಜಿನಿಯರು ಅನುಪಮಾ ಮೇಡಂ ಎರಡು ಸಲ, “ಆಗುತ್ತೇನ್ರೀ?” ಎಂದು ಕೇಳಿದರು. ಎರಡು ಸಲವೂ ಆಗುತ್ತೆ ಎಂದೆ. ದಿನಕ್ಕೆ ಎರಡು ಪಾಳಿ, ಹದಿನಾರು ಗಂಟೆ. ರಾತ್ರಿ ಪಾಳಿಗೆ ಮಾತ್ರ ಇನ್ನೊಬ್ಬನಿದ್ದ. ಕಡೂರಿನಲ್ಲಿ ನಡೆದ ನೌಕರರ ಸಭೆಯಲ್ಲಿ, ನಾಲ್ಕು ವರ್ಷದಿಂದ ಒಂದು ದಿನವೂ ರಜೆ ಹಾಕದವನು ಎಂದು ನನಗೆ ಶಾಲು ಹೊದಿಸಿದರು. ಆ ಶಾಲನ್ನು ಮಡಿಸದೆ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದೆ, ಮನೆಗೆ ಬಂದವರಿಗೆ ಕಾಣಲಿ ಎಂದು.

ಹೆಂಡತಿ ಸಂಗೀತಾ ಒಂದು ದಿನ ಊಟ ಬಡಿಸುತ್ತ, “ನೀವು ಈಗ ಹೇಳಿದ್ದು ನಾನು ನಿನ್ನೆ ಕೇಳಿದ್ದಕ್ಕೆ ಉತ್ತರ ಕಣ್ರೀ” ಎಂದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ.

ಮಾರ್ಚ್ ತಿಂಗಳು. ಮಳೆಗಾಲಕ್ಕೆ ಮುಂಚೆ ಹಳೆಯ ಇನ್ಸುಲೇಟರುಗಳನ್ನು ಬದಲಿಸುವ ಕೆಲಸ ನಡೆದಿತ್ತು. ಮೂರನೇ ಫೀಡರಿನಲ್ಲಿ ಬೀರಪ್ಪ ಕೆಲಸಕ್ಕಿದ್ದ. ಇಪ್ಪತ್ತೈದು ವರ್ಷ ಕಂಬ ಹತ್ತಿದ ಮನುಷ್ಯ, ನನಗಿಂತ ಹನ್ನೆರಡು ವರ್ಷ ದೊಡ್ಡವನು. ಅವನು ನನ್ನನ್ನು ಸಾರ್ ಎನ್ನುತ್ತಿದ್ದ, ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಅದು ಯಾಕೆ ಹಾಗೆ ಎಂದು ನಾನು ಯಾವತ್ತೂ ಕೇಳಿಕೊಂಡವನಲ್ಲ.

ಬುಧವಾರ ಅವನು ಮಧ್ಯಾಹ್ನ ಎರಡರ ಸುಮಾರಿಗೆ ಫೋನ್ ಮಾಡಿದ. “ಸಾರ್, ಮೂರನೇ ಫೀಡರು, ನಂಬರ್ ನಲವತ್ತೊಂದು. ಎಲ್ಲಾ ಇಳಿದ್ವಿ. ವಾಪಸ್ ತಗಳಿ.” ಬರೆದುಕೊಂಡೆ, ಕರೆಂಟು ಬಿಟ್ಟೆ.

ಗುರುವಾರ ಅದೇ ಫೀಡರು, ಅದೇ ಬೀರಪ್ಪ. ಮಧ್ಯಾಹ್ನ ಎರಡಕ್ಕೆ ಎಂಟು ನಿಮಿಷವಿರುವಾಗ ಅವನ ಫೋನ್ ಬಂತು. “ಸಾರ್, ಇನ್ನೊಂದ್ ಕಂಬ ಉಳ್ಕಂಡೈತೆ. ಅರ್ಧ ಗಂಟೆ ಕೊಡಿ.” ಆಯ್ತು, ಬೇಗ ಮುಗಿಸು ಎಂದೆ. ಅವನ ಮಾತು ಸ್ಪಷ್ಟವಾಗಿತ್ತು, ನಾನೂ ಸ್ಪಷ್ಟವಾಗಿಯೇ ಕೇಳಿಸಿಕೊಂಡಿದ್ದೆ. ಆಮೇಲೆ ರೈತರ ಫೋನುಗಳು ಒಂದರ ಹಿಂದೆ ಒಂದು ಬಂದವು. “ಮೋಟ್ರು ಯಾವಾಗ ಆನ್ ಮಾಡ್ಬೇಕಪ್ಪಾ, ನೀವ್ ಬಿಡೋದ್ರೊಳಗೆ ಬೆಳೆ ಸುಟ್ಟೋಗ್ತೈತೆ” ಎಂದು ಒಬ್ಬರು ಬೈದರು. ಫೋನ್ ಕೆಳಗಿಟ್ಟೆ. ಬೀರಪ್ಪ ವಾಪಸ್ ಕೊಟ್ಟಾಯ್ತಲ್ಲ, ಬಿಡುವುದಕ್ಕೇನು ತಡ ಅನ್ನಿಸಿತು. ರಿಜಿಸ್ಟರಿನಲ್ಲಿ ‘ವಾಪಸ್, 2.10’ ಎಂದು ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ. ಎದ್ದು ಹೋಗಿ ಕರೆಂಟು ಬಿಟ್ಟೆ.

ದಢಾರನೆ ಬ್ರೇಕರ್ ತಾನಾಗಿ ಬಿದ್ದು ಲೈನಿನ ಕರೆಂಟು ಕಡಿಯಿತು.

ಆಮೇಲೆ ಮೊಬೈಲು ಹೊಡೆದುಕೊಂಡಿತು. ಬೀರಪ್ಪನ ಜೊತೆ ಕಂಬದ ಕೆಳಗೆ ಕೆಲಸ ಮಾಡುತ್ತಿದ್ದ ಪರಮೇಶ್.

“ಸಾರ್, ಯಾಕ್ ಸಾರ್ ಬಿಟ್ರಿ? ಬೀರಣ್ಣ ಮೇಲವ್ನೆ ಸಾರ್! ಬೆಲ್ಟಲ್ಲಿ ನೇತಾಡ್ತಾವ್ನೆ!”

ನನ್ನ ಬಾಯಿಂದ ಬಂದ ಮೊದಲ ಮಾತು, ಬದುಕಿದ್ದಾನಾ ಎಂಬುದಲ್ಲ. “ವಾಪಸ್ ಕೊಟ್ಟಿದ್ದಾನಲ್ಲಪ್ಪಾ” ಎಂದೆ.

ಬದುಕಿದ್ದ. ಕಂಬದ ಎರಡೂ ಕಡೆ ಲೈನನ್ನು ನೆಲಕ್ಕೆ ಸೇರಿಸುವ ಸರಳುಗಳನ್ನು ಅವನು ನಿಯಮದಂತೆ ಹಾಕಿದ್ದ. ನಾನು ಬಿಟ್ಟ ಕರೆಂಟು ಅವುಗಳ ಮೂಲಕ ಭೂಮಿಗೆ ಇಳಿದು ಹೋಗಿತ್ತು. ಹೊಡೆದ ಬೆಳಕಿಗೆ ಬೆಚ್ಚಿ ಕೈ ಬಿಟ್ಟಾಗ ಬೆಲ್ಟು ಹಿಡಿದುಕೊಂಡಿತ್ತು. ಬಲಭುಜ ಜಾರಿತ್ತು, ಮಣಿಕಟ್ಟು ಮುರಿದಿತ್ತು.

ಸಂಜೆ ನಾಲ್ಕಕ್ಕೆ ರೀಡಿಂಗ್ ಬರೆಯಲು ಕೂತಾಗ ಆ ಕರೆಯನ್ನು ಮತ್ತೆ ನೆನಪಿಗೆ ತಂದುಕೊಂಡೆ. ಎಲ್ಲಾ ಇಳಿದ್ವಿ. ವಾಪಸ್ ತಗಳಿ. ಮಾತು ಕಿವಿಯಲ್ಲೇ ಇತ್ತು. ನಂಬರ್ ನಲವತ್ತೊಂದು. ರಿಜಿಸ್ಟರು ನೋಡಿದೆ. ಅವತ್ತು ನಾನು ಕೊಟ್ಟಿದ್ದ ನಂಬರ್ ನಲವತ್ತೆರಡು.

ನಲವತ್ತೊಂದು ನಿನ್ನೆಯದು. ಎಲ್ಲಾ ಇಳಿದ್ವಿ ಎಂದದ್ದೂ ನಿನ್ನೆ. ಇವತ್ತು ಅವನು ಕೇಳಿದ್ದು ಅರ್ಧ ಗಂಟೆ. ನಾನು ಆಯ್ತು ಎಂದಿದ್ದೆ. ತಿಂಡಿ ಏನು ಎಂದು ಕೇಳುವ ಅಭ್ಯಾಸ ನನಗಿದ್ದಿದ್ದರೆ ಆ ಅಂಚಿನಲ್ಲಿ ವಾಪಸಿನ ಉತ್ತರ ಇನ್ನೂ ಸೇರದ ಒಂದು ಗುರುತು ಕಾಣುತ್ತಿತ್ತು. ಅಂಚು ಖಾಲಿ ಇತ್ತು. ನಾಲ್ಕರ ರೀಡಿಂಗನ್ನು ಐದಕ್ಕೆ ಬರೆದೆ.

ಮರುದಿನ ಅನುಪಮಾ ಮೇಡಂ ಬಂದರು. ರಿಜಿಸ್ಟರು ನೋಡಿದರು, ಮೊಬೈಲು ನೋಡಿದರು. ಎರಡಕ್ಕೆ ಎಂಟು ನಿಮಿಷವಿರುವಾಗ ಬೀರಪ್ಪನಿಂದ ಬಂದ ಕರೆ ಅದರಲ್ಲಿತ್ತು.

“ವಾಪಸ್ ಕೊಟ್ಟಿದ್ದು ಈ ಕರೇಲೇನಾ?”

“ರಿಜಿಸ್ಟರಲ್ಲಿದೆ ಮೇಡಂ” ಎಂದೆ.

“ಟೈಮು ಎರಡು ಹತ್ತು ಅಂತಿದೆ?”

“ಬರೆಯೋದು ತಡವಾಯ್ತು.”

ಇಷ್ಟೇ ಹೇಳಿದ್ದು. ನಾನು ಹೇಳಿದ ಸುಳ್ಳು ಈ ಎರಡೇ ಪದದ್ದು. ಉಳಿದದ್ದನ್ನು ನನ್ನ ಮೌನ ಮಾಡಿತು. ಅಲ್ಲಿಯವರೆಗೆ ಮೌನವೆಂದರೆ ನಿರುಪದ್ರವಿ ಎಂದು ನಂಬಿದ್ದವನು ನಾನು. ಆ ಸಂಜೆಯೇ ಬೀರಪ್ಪನಿಗೆ ನೋಟಿಸು ಹೋಯಿತು. ಕಂಬದಿಂದ ಇಳಿಯುವ ಮೊದಲೇ ಲೈನ್ ಕ್ಲಿಯರ್ ವಾಪಸ್ ಕೊಟ್ಟು ತನ್ನ ಜೀವಕ್ಕೂ ಜೊತೆಗಾರನ ಜೀವಕ್ಕೂ ಅಪಾಯ ತಂದದ್ದಕ್ಕೆ ಸೋಮವಾರ ಹನ್ನೊಂದು ಗಂಟೆಗೆ ಉಪವಿಭಾಗದ ಕಚೇರಿಗೆ ಬಂದು ಹೇಳಿಕೆ ಕೊಡಬೇಕು. ತಪ್ಪೆಂದು ತೀರ್ಮಾನವಾದರೆ ಅವನು ಮತ್ತೆ ಕಂಬ ಹತ್ತುವಂತಿರಲಿಲ್ಲ.

ವಿಚಾರಣೆ ಮುಗಿಯುವತನಕ ನನ್ನ ಪಾಳಿಗೆ ಬೇರೆಯವರನ್ನು ಹಾಕಿದ್ದರು. ಶನಿವಾರ ಅಜ್ಜಂಪುರಕ್ಕೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡೇ ಬಸ್ಸು ಹತ್ತಿದ್ದು. ಬೀರಪ್ಪನ ಮನೆ ಊರ ಹೊರಗಿನ ಹೊಸ ಬಡಾವಣೆಯಲ್ಲಿ. ಕೈಗೆ ಪಟ್ಟಿ ಕಟ್ಟಿಕೊಂಡು ಗೋಡೆಗೊರಗಿ ಕೂತಿದ್ದವನು ನನ್ನನ್ನು ಕಂಡು ಏಳಲು ಹೋದ.

“ಅಯ್ಯೋ ಸಾರ್, ನೀವ್ಯಾಕ್ ಬರಕ್ಕೋದ್ರಿ?”

ಅವನ ಹೆಂಡತಿ ಹುಲಿಯಮ್ಮ ಕುರ್ಚಿ ತಂದು ಹಾಕಿದಳು. “ಕೂತ್ಕಳಿ ಸ್ವಾಮಿ. ನೀವಾದ್ರೂ ಬುದ್ಧಿ ಹೇಳಿ. ಕಂಬದ್ ಮೇಲ್ ಕೂತ್ಕಂಡು ಇಳಿದಿದೀನಿ ಅಂತ ಫೋನ್ ಮಾಡೋ ಗಂಡಸನ್ನ ಎಲ್ಲಾದ್ರೂ ನೋಡಿದೀರಾ?”

“ಲೇ, ಸುಮ್ನಿರು.”

“ಯಾಕ್ ಸುಮ್ನಿರ್ಲಿ? ನೆನ್ನೆ ಸ್ಟವ್ ಹಚ್ಚಕ್ಕೋದ್ರು. ಬೇಡ ಅಂದು ನಾನೇ ಹಚ್ಚಿದೆ. ಮೊಮ್ಮಗೂನ್ನೂ ಕೈಗೆ ಕೊಡ್ತಿಲ್ಲ. ಯಾವಾಗ ಏನ್ ಮರೀತಾರೋ.”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬೀರಪ್ಪನೇ ಮಾತಾಡಿದ.

“ಸಾರ್, ಮೊದ್ಲು ನಾನು ಹಂಗಂದೇ ಇಲ್ಲ ಅಂತ ಜಗಳ ಆಡ್ದೆ. ಅರ್ಧ ಗಂಟೆ ಕೇಳ್ದಂಗೆ ನೆಪ್ಪು. ಆಮೇಕೆ ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ನೀವು ಬರ್ದಿರೋದು ಸುಳ್ಳಾಗಕ್ಕಿಲ್ಲ. ನಂದೇ ತಲೆ ನೆಟ್ಗಿಲ್ಲ ಅನ್ಸುತ್ತೆ. ವಯಸ್ಸಾಯ್ತಲ್ಲಾ. ಸೋಮವಾರ ಒಪ್ಕಂಡು ಸೈನ್ ಹಾಕ್ಬಿಡ್ತೀನಿ.” ಪಟ್ಟಿ ಕಟ್ಟಿದ ಕೈಯನ್ನು ಸರಿಮಾಡಿಕೊಂಡ. “ನಿಮ್ಗೂ ನನ್ನಿಂದ ತೊಂದ್ರೆ ಆಯ್ತು.”

ಅವನು ಸಿಟ್ಟಿನಿಂದ ಬೈದಿದ್ದರೆ ನಾನು ಹೇಳುತ್ತಿದ್ದೆನೋ ಏನೋ. ಅವನು ಕ್ಷಮೆ ಕೇಳುತ್ತಿದ್ದ. ಹುಲಿಯಮ್ಮ ಕೊಟ್ಟ ಟೀ ಕುಡಿದೆ. ಹುಷಾರು ಎಂದೆ. ಎದ್ದು ಬಂದೆ. ಬಸ್ ನಿಲ್ದಾಣದವರೆಗೆ ನಡೆದೆ. ಅಲ್ಲಿ ಎರಡು ಬಸ್ಸು ಬಂದು ಹೋಗುವವರೆಗೂ ಹತ್ತದೆ ನಿಂತಿದ್ದೆ.

ಭಾನುವಾರ ಕಡೂರಿಗೆ ಹೋದದ್ದು ಯಾಕೆಂದು ಹೇಳಲಾರೆ. ಚಂದ್ರನ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಬೇರೆ ಯಾರ ಮುಖ ನೋಡಬೇಕೆಂಬುದೂ ತಿಳಿಯಲಿಲ್ಲ. ಅವನು ಮನೆಯ ಮುಂದಿನ ರಸ್ತೆಯಲ್ಲಿ ಮಗಳು ಅಕ್ಷತಾಳ ಸೈಕಲ್ಲಿನ ಹಿಂದೆ ಓಡುತ್ತಿದ್ದ. ಸ್ವಲ್ಪ ದಪ್ಪಗಾಗಿದ್ದ. ನನ್ನನ್ನು ನೋಡಿ, “ಬಾರೋ, ರಜೆನೇ ಹಾಕದವ್ನು ಹೆಂಗ್ ಬಂದೆ?” ಎಂದ. ನನ್ನ ಮುಖ ನೋಡಿ ಮಗಳನ್ನು ಒಳಗೆ ಕಳಿಸಿದ.

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನಾನು ಆವತ್ತೇ ಹೇಳಿದ್ದೆ ನೋಡು ಎನ್ನುತ್ತಾನೆಂದು ಕಾದೆ. ಅವನು ಹಾಗೆನ್ನಲಿಲ್ಲ.

“ನಿನ್ನನ್ನ ಆಡ್ಕೊಂಡಿದ್ದೆ” ಎಂದೆ ಕೊನೆಗೆ.

“ಹ್ಞೂಂ. ಅಕ್ಷತಾಗೆ ಯಾರೋ ತೋರ್ಸಿದ್ರು ಆ ಫೋಟೊನ. ಅಪ್ಪಾ ನಿಂಗೇನಾಗಿದೆ ಅಂತ ಅತ್ಲು.” ರಸ್ತೆ ನೋಡುತ್ತ ಹೇಳಿದ. “ನಂಗೆ ಮೊದಲ್ನೇ ತಿಂಗಳು ಬರೀ ನಿದ್ದೆ ಕಣೋ. ಹಗಲೂ ನಿದ್ದೆ, ರಾತ್ರಿನೂ ನಿದ್ದೆ. ಎರಡ್ನೇ ತಿಂಗಳು ಅವಳ ಮಾತು ಪೂರ್ತಿ ಕೇಳಿಸ್ಕೊಳೋಕೆ ಶುರುವಾಯ್ತು. ಇನ್ನೇನೂ ದೊಡ್ಡದಾಗಿ ಮಾಡಿಲ್ಲ ನಾನು.” ಆಮೇಲೆ ನನ್ನ ಕಡೆ ತಿರುಗಿದ. “ನಾಳೆ ಹನ್ನೊಂದಕ್ಕೆ ಅಲ್ವಾ? ಅವನು ಸೈನ್ ಹಾಕಿಬಿಟ್ರೆ ಆಮೇಲೆ ನೀನೇನ್ ಹೇಳಿದ್ರೂ ಅದು ತಪ್ಪು ಒಪ್ಪಿದವನನ್ನ ಉಳಿಸೋಕೆ ಹೇಳ್ದಂಗಾಗುತ್ತೆ. ಹತ್ತೂವರೆಗೆ ಹೋಗು.”

ಹತ್ತೂವರೆಗೇ ಹೋದೆ. ಬೀರಪ್ಪ ಮೊದಲ ಬಸ್ಸಿಗೇ ಬಂದಿದ್ದ. ಅನುಪಮಾ ಮೇಡಂ ಮೇಜಿನ ಮುಂದೆ ಅವನ ಹೇಳಿಕೆ ಟೈಪಾಗಿ ಸಿದ್ಧವಿತ್ತು. ಬಲಗೈಗೆ ಪಟ್ಟಿ ಇದ್ದುದರಿಂದ ಎಡಗೈಯಲ್ಲಿ ಪೆನ್ನು ಹಿಡಿದು, ಎಲ್ಲಿ ಎಂದು ಗುಮಾಸ್ತರನ್ನು ಕೇಳುತ್ತಿದ್ದ. ಗುಮಾಸ್ತರು ಬೆರಳಿಟ್ಟು ತೋರಿಸುತ್ತಿದ್ದರು.

“ಸೈನ್ ಮಾಡ್ಬೇಡ” ಎಂದೆ ಬಾಗಿಲಲ್ಲೇ. ನನ್ನ ದನಿ ನನಗೇ ಜೋರೆನಿಸಿತು. “ಮಾಡ್ಬೇಡಿ ಬೀರಪ್ಪ. ನೀವು ವಾಪಸ್ ಕೊಡ್ಲಿಲ್ಲ. ಅರ್ಧ ಗಂಟೆ ಕೇಳಿದ್ರಿ. ವಾಪಸ್ ಕೊಟ್ಟಿದ್ದು ಅದರ ಹಿಂದಿನ ದಿನ. ನಾನು ಆ ಕರೇನ ಅವತ್ತಿಂದು ಅಂದ್ಕೊಂಡು ಬರೆದೆ.”

ಗುಮಾಸ್ತರ ಬೆರಳು ಹಾಳೆಯ ಮೇಲೇ ಇತ್ತು.

“ನಿಮಗೆ ಯಾವಾಗ ಗೊತ್ತಾಯ್ತು?” ಮೇಡಂ ಕೇಳಿದರು.

“ಅವತ್ತೇ ಸಂಜೆ.”

“ನಾಲ್ಕು ದಿನ! ನಾನು ಎದುರಿಗೆ ಕೂತು ಕೇಳಿದೆನಲ್ರೀ!” ಅವರ ಮುಖ ಕೆಂಪಾಯಿತು. ಇನ್ನೂ ಏನೋ ಹೇಳಲು ಹೊರಟವರು ತಡೆದು, ಕಪಾಟಿನಿಂದ ಪಾಳಿಯ ಹಾಳೆ ತರಿಸಿದರು. ಬೆರಳಿಟ್ಟು ಎಣಿಸಿದರು. ನಡುವೆ ಬಿಡುವಿಲ್ಲದೆ ಅರವತ್ಮೂರು ದಿನ, ದಿನಕ್ಕೆರಡು ಪಾಳಿ. ಪ್ರತಿ ವಾರದ ಕೆಳಗೂ ಅವರದೇ ಸಹಿ ಇತ್ತು. ಆ ಹಾಳೆಯನ್ನು ಅವರು ಬಹಳ ಹೊತ್ತು ನೋಡಿದರು.

“ಆಗುತ್ತಾ ಅಂತ ಕೇಳಿದ್ದೆ ನಾನು” ಎಂದರು, ಯಾರಿಗೂ ಅಲ್ಲ ಎಂಬಂತೆ. “ಆಗುತ್ತೆ ಅಂದ್ರಿ. ನನಗೂ ಅದೇ ಬೇಕಿತ್ತು.”

ಹೇಳಿಕೆ ಬರೆದುಕೊಟ್ಟೆ. ಅಮಾನತು ಬರುತ್ತದೆ, ಅದು ತಮ್ಮ ಕೈಯಲ್ಲಿಲ್ಲ ಎಂದರು. ಅದು ಮುಗಿದ ಮೇಲೂ ಆರು ತಿಂಗಳು ನನ್ನನ್ನು ಪ್ಯಾನೆಲ್ಲಿನ ಮುಂದೆ ಕೂರಿಸುವುದಿಲ್ಲ, ಈಗಲೇ ರಜೆಯ ಅರ್ಜಿ ಬರೆದಿಡಿ ಎಂದು ಇನ್ನೊಂದು ಹಾಳೆ ಕೊಟ್ಟರು. ಇನ್ನು ಮುಂದೆ ಯಾವ ಆಪರೇಟರೂ ಸಾಲಾಗಿ ಎರಡು ಪಾಳಿ ಮಾಡಬಾರದು, ಜನ ಇಲ್ಲದಿದ್ದರೆ ಪಕ್ಕದ ಸ್ಟೇಷನ್ನಿನಿಂದ ಕರೆಸಬೇಕು ಎಂದು ಗುಮಾಸ್ತರಿಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಕಾರಣ ಎಂದಿದ್ದ ಜಾಗದಲ್ಲಿ ಪೆನ್ನು ನಿಂತಿತು. ಬೇರೆ ಪದ ಹುಡುಕಿದೆ. ಚಂದ್ರ ಬರೆದಿದ್ದ ಆ ಒಂದು ಪದಕ್ಕಿಂತ ನಿಜವಾದದ್ದು ಇರಲಿಲ್ಲ. ಬರೆದೆ.

ಬೀರಪ್ಪ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅವನ ಮುಂದೆ ನಿಂತೆ.

“ಹಂಗಾದ್ರೆ ನಾನು ಅರ್ಧ ಗಂಟೆನೇ ಕೇಳಿದ್ದು” ಎಂದ ಅವನು.

“ಹೌದು.”

“ನಂಗೆ ಸರಿಯಾಗೇ ನೆಪ್ಪಿತ್ತು.”

“ಹೌದು.”

ಅವನ ಕಣ್ಣು ತುಂಬಿತು. ಎಡಗೈಯಿಂದ ಒರೆಸಿಕೊಂಡ. ಆಮೇಲೆ ನನ್ನನ್ನು ನೋಡಿದ ನೋಟದಲ್ಲಿ ಸಾರ್ ಎನ್ನುವವನ ಅಳುಕು ಇರಲಿಲ್ಲ.

“ಇಲ್ಲಿ ಹೇಳಿದ್ರೆ ಸಾಲ್ದು. ನನ್ ಹೆಂಡ್ತಿ ಮುಂದೆ ಬಂದು ಹೇಳಿ.”

ಅಜ್ಜಂಪುರದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು.

ಹುಲಿಯಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನಿಂತೇ ಹೇಳಿದೆ. ಅವಳು ಮೊರದ ಮೇಲಿನ ಕೈ ನಿಲ್ಲಿಸಿ ಪೂರ್ತಿ ಕೇಳಿದಳು.

“ಶನಿವಾರ ಬಂದಿದ್ರಲ್ಲ, ಅವಾಗ ಗೊತ್ತಿತ್ತಾ ನಿಮ್ಗೆ?”

“ಗೊತ್ತಿತ್ತು.”

ಅವಳು ಬೈಯುತ್ತಾಳೆಂದುಕೊಂಡೆ. ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಗಂಡನನ್ನು ನೋಡಲಿಲ್ಲ, ನೋಡಲು ಅವಳಿಗೂ ಆಗಲಿಲ್ಲ ಎಂದು ತೋರಿತು.

“ಈ ಸಾಲ್‌ಮನೆಯೋರಿಗೆಲ್ಲ ನಾನೇ ಹೇಳ್ಬಿಟ್ಟೆ ಸ್ವಾಮಿ, ಇವ್ರ್ ತಲೆ ನೆಟ್ಗಿಲ್ಲ ಅಂತ. ನಾನ್ ಹೋಗಿ ಇಲ್ಲ ಅಂದ್ರೆ ಗಂಡನ್ನ ಬಿಟ್ಕೊಡ್ದಂಗೆ ಮಾತಾಡ್ತಾಳೆ ಅಂತಾರೆ. ನೀವೇ ಬನ್ನಿ.”

ಹೋದೆ. ಪಕ್ಕದ ಮನೆಯಲ್ಲಿ ಟೀವಿ ಸದ್ದು ಕಡಿಮೆ ಮಾಡಿಸಿ ಹುಲಿಯಮ್ಮ ನನ್ನನ್ನು ಮುಂದೆ ನಿಲ್ಲಿಸಿದಳು. ನಾನು ಇಂಥವನು, ತಪ್ಪು ನನ್ನದು, ಬೀರಪ್ಪನವರದಲ್ಲ ಎಂದೆ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸು ಮಿಷನ್ನು ನಿಲ್ಲಿಸಿ, “ಓದಿದೋರೇ ಹಿಂಗ್ ಮಾಡಿದ್ರೆ?” ಎಂದಳು. ಮೂರನೇ ಮನೆಗೆ ಬೀಗ ಹಾಕಿತ್ತು. ತಿರುಗಿ ಹೋಗೋಣವೇ ಎಂಬಂತೆ ಹುಲಿಯಮ್ಮನ ಮುಖ ನೋಡಿದೆ. ಅವಳು ಆ ಮನೆಯ ಜಗಲಿಯ ಧೂಳನ್ನು ಸೆರಗಿನಿಂದ ಕೊಡವಿ ಕೂತಳು.

“ಬತ್ತಾರೆ. ಕಾಯ್ರಿ.”

ಹೋಗಬೇಕಾದ ಪಾಳಿ ಯಾವುದೂ ನನಗಿರಲಿಲ್ಲ. ಅವಳಿಂದ ಸ್ವಲ್ಪ ದೂರದಲ್ಲಿ, ಬಿಸಿಲಿಗೆ ಕಾದಿದ್ದ ಜಗಲಿಯ ಕಲ್ಲಿನ ಮೇಲೆ ಕೂತೆ.